ಹಲ್ಲಿಗೆ ಹೊಸ ಹೊದಿಕೆ: ಯಾವ ವಸ್ತು ನಿಮಗೆ ಸರಿ?

ಮದುವೆ ಗೊತ್ತಾಗಿರುವ ಹುಡುಗಿ, ನೌಕರಿಯ ಸಂದರ್ಶನಕ್ಕೆ ಹೊರಟಿರುವ ಹುಡುಗ, ಫೋಟೊ ತೆಗೆಯುವಾಗ ತುಟಿ ಬಿಗಿಹಿಡಿದು ನಿಲ್ಲುವ ಗೃಹಿಣಿ, ಇವರೆಲ್ಲರ ಚಿಂತೆ ಒಂದೇ: ಮುಂದಿನ ಹಲ್ಲುಗಳ ಕಲೆ, ಸಂದು ಅಥವಾ ಮುರಿದ ತುದಿ. ಜ್ವರ, ಕೆಮ್ಮು ಎಂದು ಕುಟುಂಬದ ವೈದ್ಯರ ಬಳಿ ಬಂದವರು ಹೊರಡುವ ಮುನ್ನ, "ಡಾಕ್ಟ್ರೇ, ಹಲ್ಲಿಗೆ ವಿನೀರ್ ಹಾಕಿಸಬೇಕು ಅಂತಿದ್ದೀವಿ. ಪಿಂಗಾಣಿಯದು ಹಾಕಿಸೋದೋ, ಜಿರ್ಕೋನಿಯಾದ್ದೋ? ಯಾವುದು ಗಟ್ಟಿ?" ಎಂದು ಕೇಳುವುದು ಈಗ ಸಾಮಾನ್ಯವಾಗಿದೆ.

ಹಲ್ಲಿನ ಕೆಲಸ ದಂತವೈದ್ಯರದು, ನನ್ನಂಥ ಸಾಮಾನ್ಯ ವೈದ್ಯರದಲ್ಲ. ಆದರೂ ದಂತವೈದ್ಯರ ಕುರ್ಚಿಯಲ್ಲಿ ಕೂರುವ ಮೊದಲೇ ನೀವು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಅವುಗಳಲ್ಲಿ ಮುಖ್ಯವಾದುದನ್ನು ಮೊದಲೇ ಹೇಳಿಬಿಡುತ್ತೇನೆ. "ಯಾವುದು ಹೆಚ್ಚು ಗಟ್ಟಿ?" ಎಂಬ ಪ್ರಶ್ನೆಯಿಂದ ಆರಂಭಿಸಬೇಡಿ. "ಯಾವುದನ್ನು ಹಾಕಿಸಿದರೆ ನನ್ನ ಸ್ವಂತ ಹಲ್ಲು ಹೆಚ್ಚು ಉಳಿಯುತ್ತದೆ?" ಎಂದು ಕೇಳಿ. ಈ ಪ್ರಶ್ನೆಗೆ ಉತ್ತರ ಸಿಕ್ಕರೆ ವಸ್ತುವಿನ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಆಗುತ್ತದೆ.

ವಿನೀರ್ ಎಂದರೇನು?

ಮನೆಯ ಬಾಗಿಲು, ಕಪಾಟು ಮಾಡಿಸಿದವರಿಗೆ ವಿನೀರ್ ಎಂಬ ಮಾತು ಹೊಸದಲ್ಲ. ಸಾಧಾರಣ ಹಲಗೆಯ ಮೇಲೆ ತೇಗದ ತೆಳು ಹಾಳೆಯನ್ನು ಅಂಟಿಸಿದರೆ ಇಡೀ ಕಪಾಟು ತೇಗದಂತೆ ಕಾಣುತ್ತದೆ. ಹಲ್ಲಿನ ವಿನೀರ್ ಕೂಡ ಇದೇ ಬಗೆಯದು. ಹಲ್ಲಿನ ಮುಂಭಾಗಕ್ಕೆ ಮಾತ್ರ ಅಂಟಿಸುವ, ಹಲ್ಲಿನ ಬಣ್ಣದ ತೆಳುವಾದ ಹೊದಿಕೆ ಇದು. ಇದರ ದಪ್ಪ ಸಾಮಾನ್ಯವಾಗಿ ಅರ್ಧ ಮಿ.ಮೀ. ಆಸುಪಾಸು.

ಆದರೆ ಒಂದು ವ್ಯತ್ಯಾಸವಿದೆ. ಬಡಗಿ ಹಲಗೆಯನ್ನು ಉಜ್ಜುವಾಗ ಕೈತಪ್ಪಿದರೆ ಬೇರೆ ಹಲಗೆ ತರಬಹುದು. ಹಲ್ಲಿನ ವಿಷಯದಲ್ಲಿ ಆ ಅನುಕೂಲವಿಲ್ಲ. ಹಲ್ಲಿನ ಹೊರಪದರವಾದ ಎನಾಮೆಲ್ ನಮ್ಮ ದೇಹದ ಅತ್ಯಂತ ಗಟ್ಟಿಯಾದ ವಸ್ತು. ಅದರ ತೂಕದಲ್ಲಿ ಸುಮಾರು 96 ಭಾಗ ಖನಿಜವೇ. ಇದನ್ನು ತಯಾರಿಸುವ ಜೀವಕೋಶಗಳು ಹಲ್ಲು ಒಸಡಿನಿಂದ ಹೊರಬರುವಷ್ಟರಲ್ಲಿ ನಾಶವಾಗಿರುತ್ತವೆ. ಚರ್ಮ ಗಾಯವಾದರೆ ಮಾಯುತ್ತದೆ, ಮೂಳೆ ಮುರಿದರೆ ಕೂಡುತ್ತದೆ. ಕೆರೆದು ತೆಗೆದ ಎನಾಮೆಲ್ ಮಾತ್ರ ಮತ್ತೆ ಬೆಳೆಯುವುದಿಲ್ಲ.

ಅದು ದಪ್ಪವಾಗಿಯೂ ಇರುವುದಿಲ್ಲ. ಮೇಲಿನ ಬಾಚಿಹಲ್ಲಿನ ಮುಂಭಾಗದಲ್ಲಿ, ಕಚ್ಚುವ ಅಂಚಿನ ಬಳಿ ಸುಮಾರು 1 ಮಿ.ಮೀ., ಒಸಡಿನ ಬಳಿ ಅದರ ಅರ್ಧ ಅಥವಾ ಅದಕ್ಕಿಂತಲೂ ಕಡಿಮೆ. ಇದರ ಕೆಳಗಿರುವ ಡೆಂಟೀನ್ ಎಂಬ ಪದರ ಮೆತ್ತಗಿನದು; ಅದರ ಸೂಕ್ಷ್ಮ ನಾಳಗಳು ಹಲ್ಲಿನ ನರದವರೆಗೆ ಹೋಗುತ್ತವೆ. ಎನಾಮೆಲ್ ದಾಟಿ ಡೆಂಟೀನ್‌ವರೆಗೆ ಕೆರೆದರೆ ತಣ್ಣೀರು ಕುಡಿದಾಗ ಜುಂ ಎನ್ನುತ್ತದೆ. ಅಷ್ಟೇ ಅಲ್ಲ, ಅಂಟು ಎನಾಮೆಲ್‌ನ ಮೇಲೆ ಹಿಡಿದಷ್ಟು ಭದ್ರವಾಗಿ ಡೆಂಟೀನ್‌ನ ಮೇಲೆ ಹಿಡಿಯುವುದಿಲ್ಲ. ಆದ್ದರಿಂದ ವಿನೀರಿನ ಆಯುಷ್ಯ ಅದರ ವಸ್ತುವನ್ನು ಎಷ್ಟು ಅವಲಂಬಿಸಿದೆಯೋ ಅಡಿಯಲ್ಲಿ ಉಳಿದಿರುವ ಎನಾಮೆಲ್ಲನ್ನೂ ಅಷ್ಟೇ ಅವಲಂಬಿಸಿದೆ.

ಮೊದಲು ಕಲೆಯ ಮೂಲ ತಿಳಿಯಿರಿ

ಹಲ್ಲು ಹಳದಿಯಾಗಿದೆ ಎಂದ ಮಾತ್ರಕ್ಕೆ ವಿನೀರ್ ಬೇಕೆಂದೇನೂ ಇಲ್ಲ. ಕಾಫಿ, ಚಹಾ, ಎಲೆಅಡಿಕೆ, ಬೀಡಿ, ಸಿಗರೇಟುಗಳ ಕಲೆ ಹೊರಗಿನಿಂದ ಅಂಟಿಕೊಂಡದ್ದು. ದಂತವೈದ್ಯರು ಹಲ್ಲು ಶುಚಿ ಮಾಡಿ ಪಾಲಿಶ್ ಮಾಡಿದರೆ ಅದು ಹೋಗುತ್ತದೆ. ಅಭ್ಯಾಸ ಬಿಡದಿದ್ದರೆ ಮತ್ತೆ ಬರುತ್ತದೆ, ಅಷ್ಟೆ.

ನಮ್ಮ ರಾಜ್ಯದಲ್ಲಿ ಹೆಚ್ಚಾಗಿ ಕಾಣುವ ಇನ್ನೊಂದು ಕಲೆ ಫ್ಲೋರೈಡ್‌ನದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಯ ಪಾವಗಡ, ಚಿತ್ರದುರ್ಗ, ಕೊಪ್ಪಳ, ರಾಯಚೂರು, ಗದಗದ ಮುಂಡರಗಿ ಮೊದಲಾದ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿರುವುದು ಬಹಳ ಕಾಲದಿಂದ ತಿಳಿದ ಸಂಗತಿ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರು ಸಿಗದಿದ್ದಾಗ ಮಾತ್ರ 1.5ರವರೆಗೆ ಒಪ್ಪಬಹುದು. ಹುಟ್ಟಿನಿಂದ ಸುಮಾರು 8 ವರ್ಷದವರೆಗೆ, ಶಾಶ್ವತ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುತ್ತಿರುವಾಗ, ಇದಕ್ಕಿಂತ ಹೆಚ್ಚಿನ ಫ್ಲೋರೈಡ್ ಇರುವ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಕಂದು ಪಟ್ಟೆ, ಕೆಲವರಲ್ಲಿ ಸಣ್ಣ ಗುಳಿಗಳೂ ಕಾಣಿಸುತ್ತವೆ. ಇದು ಹಲ್ಲುಜ್ಜದ ಕೊಳೆಯಲ್ಲ. ಆ ಮಕ್ಕಳನ್ನು "ಹಲ್ಲು ಉಜ್ಜೋದಿಲ್ವಾ?" ಎಂದು ಗದರಿಸುವುದು ಅನ್ಯಾಯ.

ಫ್ಲೋರೈಡ್ ಕಲೆ ಇರುವ ಎಲ್ಲರಿಗೂ ಹೊದಿಕೆ ಬೇಕಿಲ್ಲ. ತೆಳುವಾದ ಕಂದು ಕಲೆಯನ್ನು ದುರ್ಬಲ ಆಮ್ಲ ಮತ್ತು ನುಣುಪಾದ ಪುಡಿಯಿಂದ ಉಜ್ಜಿ ತೆಗೆಯುವ ವಿಧಾನವಿದೆ. ಇದರಲ್ಲಿ ಹೋಗುವ ಎನಾಮೆಲ್ ತೀರಾ ಅಲ್ಪ. ಬಿಳಿ ಮಚ್ಚೆಗಳೊಳಗೆ ದ್ರವರೂಪದ ರಾಳವನ್ನು ಇಳಿಸಿ ಅವು ಎದ್ದು ಕಾಣದಂತೆ ಮಾಡಬಹುದು. ಉಳಿದ ಹಳದಿಗೆ ಬ್ಲೀಚಿಂಗ್ ಇದೆ. ಇವುಗಳಿಂದ ಸಾಲದಿದ್ದಾಗ ಮಾತ್ರ ವಿನೀರಿನ ಯೋಚನೆ ಮಾಡಬೇಕು.

ಮೂರನೆಯ ಬಗೆ, ಟೆಟ್ರಾಸೈಕ್ಲಿನ್ ಎಂಬ ಔಷಧಿಯ ಕಲೆ. ಬಸುರಿಯಲ್ಲಿ ತಾಯಿಗೆ ಅಥವಾ 8 ವರ್ಷದೊಳಗೆ ಮಗುವಿಗೆ ಈ ಔಷಧಿ ಕೊಟ್ಟರೆ ಹಲ್ಲಿನ ಒಳಗೇ ಬೂದು, ಕಂದು ಬಣ್ಣ ಸೇರಿಬಿಡುತ್ತದೆ. ಬ್ಲೀಚಿಂಗ್‌ಗೆ ಇದು ಸುಲಭವಾಗಿ ಜಗ್ಗುವುದಿಲ್ಲ. ತಿಂಗಳುಗಟ್ಟಲೆ ತಾಳ್ಮೆ ಬೇಕು.

ನಾಲ್ಕನೆಯದು, ಒಂದೇ ಹಲ್ಲು ಕಪ್ಪಾಗುವುದು. ಬಾಲ್ಯದಲ್ಲಿ ಬಿದ್ದು ಪೆಟ್ಟಾದ ಹಲ್ಲಿನ ನರ ಸತ್ತರೆ ಹೀಗಾಗುತ್ತದೆ. ಇಲ್ಲಿ ಎಕ್ಸ್‌ರೇ ತೆಗೆಸಿ, ಬೇರುನಾಳದ ಚಿಕಿತ್ಸೆ ಮಾಡಿಸಿ, ಹಲ್ಲಿನ ಒಳಗಿನಿಂದಲೇ ಬ್ಲೀಚ್ ಮಾಡಿಸಬಹುದು. ಮೂಲ ಸರಿಪಡಿಸದೆ ಮೇಲೆ ಹೊದಿಕೆ ಹಾಕಿದರೆ ಒಳಗಿನ ಸೋಂಕು ಹಾಗೆಯೇ ಉಳಿಯುತ್ತದೆ.

ಕೊನೆಯದು, ಸವೆದ ಹಲ್ಲು. ಹುಳಿತೇಗಿನ ಕಾಯಿಲೆ, ಮೇಲಿಂದ ಮೇಲೆ ವಾಂತಿ, ಸದಾ ತಂಪು ಪಾನೀಯ ಹೀರುವ ಅಭ್ಯಾಸ, ಇವುಗಳಿಂದ ಆಮ್ಲ ಎನಾಮೆಲ್ಲನ್ನು ಕರಗಿಸುತ್ತದೆ. ಇಂಥವರು ಹಲ್ಲಿನ ಡಾಕ್ಟರ ಜೊತೆಗೆ ಹೊಟ್ಟೆಯ ಡಾಕ್ಟರನ್ನೂ ಕಾಣಬೇಕು. ಇಲ್ಲವಾದರೆ ಹೊದಿಕೆಯ ಅಂಚಿನ ಸುತ್ತ ಹಲ್ಲು ಕರಗುತ್ತಲೇ ಹೋಗುತ್ತದೆ.

ವಸ್ತುಗಳ ಪರಿಚಯ

1955ರಲ್ಲಿ ಅಮೆರಿಕದ ಬ್ಯೂನೊಕೋರ್ ಎಂಬ ದಂತವಿಜ್ಞಾನಿ, ಎನಾಮೆಲ್‌ಗೆ ಫಾಸ್ಫಾರಿಕ್ ಆಮ್ಲ ಹಚ್ಚಿ ಸೂಕ್ಷ್ಮವಾಗಿ ತರಿತರಿ ಮಾಡಿದರೆ ರಾಳ ಅದಕ್ಕೆ ಬಿಗಿಯಾಗಿ ಅಂಟುತ್ತದೆ ಎಂದು ತೋರಿಸಿದರು. ಹಳೆಯ ಗೋಡೆಗೆ ಗಾರೆ ಹಿಡಿಯಲೆಂದು ಮೊದಲು ಕಚ್ಚು ಹೊಡೆಯುತ್ತಾರಲ್ಲ, ಹಾಗೆ. 1983ರ ಸುಮಾರಿಗೆ ಪಿಂಗಾಣಿಯ ಒಳಮೈಯನ್ನೂ ಹೈಡ್ರೊಫ್ಲೋರಿಕ್ ಆಮ್ಲದಿಂದ ಹೀಗೆಯೇ ತರಿ ಮಾಡಬಹುದೆಂದು ತಿಳಿಯಿತು. ಇಂದಿನ ವಿನೀರುಗಳು ನಿಂತಿರುವುದು ಈ ಎರಡು ತಿಳಿವಳಿಕೆಗಳ ಮೇಲೆ. ಇಂದು ಬಳಕೆಯಲ್ಲಿರುವ ಮುಖ್ಯ ವಸ್ತುಗಳು ನಾಲ್ಕು.

1. ಕಾಂಪೊಸಿಟ್: ಇದು ರಾಳ ಮತ್ತು ಗಾಜಿನ ನುಣುಪು ಪುಡಿ ಸೇರಿದ ಮೆತ್ತನೆಯ ವಸ್ತು. ದಂತವೈದ್ಯರು ಇದನ್ನು ಹಲ್ಲಿನ ಮೇಲೆಯೇ ಪದರಪದರವಾಗಿ ಹಚ್ಚಿ, ನೀಲಿ ಬೆಳಕಿನಿಂದ ಗಟ್ಟಿ ಮಾಡಿ, ಹೊಳಪು ಕೊಡುತ್ತಾರೆ. ಅನೇಕ ವೇಳೆ ಹಲ್ಲನ್ನು ಕೆರೆಯುವ ಅಗತ್ಯವೇ ಇರುವುದಿಲ್ಲ. ಒಂದೇ ಭೇಟಿಯಲ್ಲಿ ಕೆಲಸ ಮುಗಿಯುತ್ತದೆ, ಖರ್ಚೂ ಕಡಿಮೆ. ಚೂರು ಹಾರಿದರೆ ಅಲ್ಲಿಗೇ ತೇಪೆ ಹಾಕಬಹುದು. ದೋಷವೆಂದರೆ ಕಾಲಕ್ರಮದಲ್ಲಿ ಹೊಳಪು ಕುಂದುತ್ತದೆ, ಕಾಫಿ, ಅರಿಶಿನ, ಎಲೆಅಡಿಕೆಗಳ ಬಣ್ಣ ಹಿಡಿಯುತ್ತದೆ. ಸಾಮಾನ್ಯವಾಗಿ 5ರಿಂದ 7 ವರ್ಷಗಳಲ್ಲಿ ದುರಸ್ತಿ ಅಥವಾ ಬದಲಾವಣೆ ಬೇಕಾಗುತ್ತದೆ.

2. ಸಾಂಪ್ರದಾಯಿಕ ಪಿಂಗಾಣಿ: ಇದನ್ನು ಫೆಲ್ಡ್‌ಸ್ಪಾರ್ ಪಿಂಗಾಣಿ ಎನ್ನುತ್ತಾರೆ. ಪ್ರಯೋಗಾಲಯದಲ್ಲಿ ಕುಶಲ ತಂತ್ರಜ್ಞರು ಪುಡಿಯನ್ನು ಪದರವಾಗಿ ಇಟ್ಟು ಸುಟ್ಟು ತಯಾರಿಸುತ್ತಾರೆ. ಬೆಳಕು ಇದರೊಳಗೆ ಸ್ವಲ್ಪ ಇಳಿದು ಹೊರಬರುವುದರಿಂದ ನಿಜವಾದ ಹಲ್ಲಿನಂತೆಯೇ ಕಾಣುತ್ತದೆ. 0.3 ಮಿ.ಮೀ.ನಷ್ಟು ತೆಳುವಾಗಿಯೂ ಮಾಡಬಹುದಾದ್ದರಿಂದ ಹಲ್ಲು ಹೆಚ್ಚು ಉಳಿಯುತ್ತದೆ. ಕಲೆ ಹಿಡಿಯುವುದಿಲ್ಲ. ಆದರೆ ಅಂಟಿಸುವ ಮುನ್ನ ಇದು ಮೊಟ್ಟೆಯ ಚಿಪ್ಪಿನಂತೆ ನಾಜೂಕು. ಎನಾಮೆಲ್‌ಗೆ ಅಂಟಿದ ಮೇಲೆ ಗಟ್ಟಿಯಾಗುತ್ತದೆ. ಕಪ್ಪು ಹಲ್ಲಿನ ಬಣ್ಣವನ್ನು ಮರೆಮಾಚುವ ಶಕ್ತಿ ಕಡಿಮೆ.

3. ಲಿಥಿಯಂ ಡೈಸಿಲಿಕೇಟ್: ಇದು ಹರಳುಗಳಿಂದ ಬಲಪಡಿಸಿದ ಗಾಜಿನ ಪಿಂಗಾಣಿ. ಸಾಂಪ್ರದಾಯಿಕ ಪಿಂಗಾಣಿಗಿಂತ ಸುಮಾರು 4 ಪಟ್ಟು ಬಲ. ಆಮ್ಲದಿಂದ ತರಿ ಮಾಡಿ ಚೆನ್ನಾಗಿ ಅಂಟಿಸಬಹುದು, ನೋಟವೂ ಚೆನ್ನ. ಹಲ್ಲಿನ ತುದಿ ಮುರಿದು ಉದ್ದ ಮಾಡಬೇಕಾದಾಗ, ಕಡಿತದ ಒತ್ತಡ ಸ್ವಲ್ಪ ಹೆಚ್ಚಿದ್ದಾಗ ದಂತವೈದ್ಯರು ಇದನ್ನೇ ಹೆಚ್ಚಾಗಿ ಆರಿಸುತ್ತಾರೆ.

4. ಜಿರ್ಕೋನಿಯಾ: ಇದು ಎಲ್ಲಕ್ಕಿಂತ ಬಲಶಾಲಿ; ಹಳೆಯ ಬಗೆಯದು ಸಾಂಪ್ರದಾಯಿಕ ಪಿಂಗಾಣಿಯ ಸುಮಾರು 10 ಪಟ್ಟು. "ಗಟ್ಟಿ" ಎಂಬ ಮಾತಿಗೆ ಜನ ಮರುಳಾಗುವುದು ಇಲ್ಲಿಯೇ. ಇದರಲ್ಲಿ ಗಾಜಿನ ಅಂಶವಿಲ್ಲದ ಕಾರಣ ಆಮ್ಲ ಇದನ್ನು ತರಿ ಮಾಡಲಾರದು. ಮರಳಿನಂಥ ಪುಡಿ ಊದಿ, ವಿಶೇಷ ರಾಸಾಯನಿಕ ಹಚ್ಚಿ ಅಂಟಿಸಬೇಕು. ಕೇವಲ ಅಂಟಿನ ಮೇಲೆಯೇ ನಿಲ್ಲುವ ತೆಳು ಹೊದಿಕೆಗೆ ಇದು ದೊಡ್ಡ ವಿಷಯ. ಬೆಳಕು ಇದರೊಳಗೆ ಕಡಿಮೆ ಇಳಿಯುವುದರಿಂದ ಹಲ್ಲು ನಿರ್ಜೀವವಾಗಿ ಕಾಣಬಹುದು. ಹೆಚ್ಚು ಪಾರದರ್ಶಕವಾದ ಹೊಸ ಬಗೆಗಳು ಬಂದಿವೆ. ಅವುಗಳ ಬಲ ಹಳೆಯದಕ್ಕಿಂತ ಕಡಿಮೆ. ದವಡೆ ಹಲ್ಲಿನ ಕ್ಯಾಪ್‌ಗೆ ಜಿರ್ಕೋನಿಯಾ ಉತ್ತಮ ವಸ್ತು. ಮುಂದಿನ ಹಲ್ಲಿನ ವಿನೀರಿಗೆ, ತೀರಾ ಕಪ್ಪಾದ ಹಲ್ಲನ್ನು ಮುಚ್ಚಬೇಕಾದಂಥ ಕೆಲವು ಸಂದರ್ಭ ಬಿಟ್ಟರೆ, ಇದು ಮೊದಲ ಆಯ್ಕೆಯಲ್ಲ.

ಸರಿಯಾದ ಹಲ್ಲಿಗೆ ಸರಿಯಾಗಿ ಅಂಟಿಸಿದ ಪಿಂಗಾಣಿ ವಿನೀರುಗಳು 10ರಿಂದ 15 ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಬಾಳುತ್ತವೆ. ಆದರೆ ಒಂದು ಲೆಕ್ಕ ಹಾಕಿ ನೋಡಿ. 22ನೆಯ ವಯಸ್ಸಿನಲ್ಲಿ ಹಾಕಿಸಿದ ವಿನೀರ್ 15 ವರ್ಷ ಬಾಳಿದರೂ 37, 52, 67ರಲ್ಲಿ ಬದಲಿಸಬೇಕಾಗುತ್ತದೆ. ಪ್ರತಿ ಸಲವೂ ಹಳೆಯದನ್ನು ಕೆರೆದು ತೆಗೆಯುವಾಗ ಸ್ವಲ್ಪ ಹಲ್ಲು ಹೋಗುತ್ತದೆ. ಮದುವೆಯ ಒಂದು ದಿನದ ಫೋಟೊಗಾಗಿ ಆತುರಪಡಬೇಡಿ ಎನ್ನುವುದು ಇದಕ್ಕೇ.

ಆಯ್ಕೆ ಹೇಗೆ?

ಒಂದೆರಡು ಹಲ್ಲುಗಳ ನಡುವಿನ ಸಂದು, ಸಣ್ಣ ಮುರಿತ, ಇಪ್ಪತ್ತರ ಆಸುಪಾಸಿನ ವಯಸ್ಸು: ಇವರಿಗೆ ಕಾಂಪೊಸಿಟ್ ಸಾಕು. ಹಲ್ಲು ಕೆರೆಯದೆ ಮಾಡಿದ್ದರೆ ಮುಂದೆ ಬೇಕೆನಿಸಿದಾಗ ಪಿಂಗಾಣಿಗೆ ಹೋಗುವ ದಾರಿ ತೆರೆದೇ ಇರುತ್ತದೆ. ಹಲ್ಲಿನ ಬಣ್ಣ ಬಹುಮಟ್ಟಿಗೆ ಸರಿಯಿದ್ದು ಆಕಾರ ಮಾತ್ರ ಸುಧಾರಿಸಬೇಕಾದ ಮಧ್ಯವಯಸ್ಕರಿಗೆ ತೆಳು ಪಿಂಗಾಣಿ ಒಪ್ಪುತ್ತದೆ. ತುದಿ ಸವೆದು ಉದ್ದ ಹೆಚ್ಚಿಸಬೇಕಾದವರಿಗೆ ಲಿಥಿಯಂ ಡೈಸಿಲಿಕೇಟ್.

ಗಾಢ ಕಲೆಯಿರುವವರು ಒಂದು ವಿಷಯ ತಿಳಿದಿರಬೇಕು. ಹೊದಿಕೆಯಿಂದ ಬಣ್ಣವನ್ನು ಒಂದು ಮೆಟ್ಟಿಲು ತಿಳಿ ಮಾಡಲು ಸುಮಾರು 0.2ರಿಂದ 0.3 ಮಿ.ಮೀ. ದಪ್ಪ ಬೇಕು. ಮೂರು ಮೆಟ್ಟಿಲು ತಿಳಿಯಾಗಬೇಕಾದರೆ ಹೊದಿಕೆ ದಪ್ಪವಾಗಬೇಕು, ಅಂದರೆ ಹಲ್ಲನ್ನು ಅಷ್ಟು ಹೆಚ್ಚು ಕೆರೆಯಬೇಕು. ಆದ್ದರಿಂದ ಮೊದಲು ಬ್ಲೀಚ್ ಮಾಡಿಸಿ ಸಾಧ್ಯವಾದಷ್ಟು ತಿಳಿ ಮಾಡಿಕೊಂಡು, ಸುಮಾರು ಎರಡು ವಾರ ಬಿಟ್ಟು ಹೊದಿಕೆ ಹಾಕಿಸಿದರೆ ಹಲ್ಲು ಉಳಿಯುತ್ತದೆ. ಬ್ಲೀಚ್ ಆದ ತಕ್ಷಣ ಅಂಟು ಸರಿಯಾಗಿ ಹಿಡಿಯದು. ಈ ಬಿಡುವು ಅದಕ್ಕಾಗಿ. ಹೊದಿಕೆ ಹಾಕಿಸಿದ ಮೇಲೆ ಬ್ಲೀಚ್ ಮಾಡಿಸಿದರೆ ಸ್ವಂತ ಹಲ್ಲು ಬಿಳಿಯಾಗುತ್ತದೆ, ಹೊದಿಕೆಯ ಬಣ್ಣ ಬದಲಾಗುವುದಿಲ್ಲ.

ಫ್ಲೋರೈಡ್ ಕಲೆಯ ಹಲ್ಲಿನ ಹೊರಪದರ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಅದನ್ನು ಅಂಟಿಗೆ ಸಿದ್ಧಗೊಳಿಸುವುದಕ್ಕೆ ಹೆಚ್ಚಿನ ಎಚ್ಚರಿಕೆ ಬೇಕು. ಫ್ಲೋರೈಡ್ ಪ್ರದೇಶದವರು ತಾವು ಎಲ್ಲಿ ಬೆಳೆದವರು, ಯಾವ ನೀರು ಕುಡಿದವರು ಎಂಬುದನ್ನು ದಂತವೈದ್ಯರಿಗೆ ತಪ್ಪದೆ ತಿಳಿಸಬೇಕು.

ಕ್ಯಾಪ್ ಬೇರೆ, ವಿನೀರ್ ಬೇರೆ

ಕ್ಯಾಪ್ ಎಂದರೆ ಹಲ್ಲನ್ನು ಸುತ್ತಲೂ ಕೆರೆದು ಮೊಳೆಯಂತೆ ಮಾಡಿ ಮೇಲೆ ಕೂರಿಸುವ ಪೂರ್ಣ ಟೋಪಿ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೂಕ ಮಾಡಿ ನೋಡಿದಾಗ, ವಿನೀರಿನಂಥ ಹೊದಿಕೆಗೆ ಹಲ್ಲಿನ ಹೊರಗೆ ಕಾಣುವ ಭಾಗದ ಶೇ. 3ರಿಂದ 30ರಷ್ಟು, ಪೂರ್ಣ ಕ್ಯಾಪ್‌ಗೆ ಶೇ. 63ರಿಂದ 72ರಷ್ಟು ಹೋಗುತ್ತದೆ ಎಂದು ಕಂಡುಬಂತು. ವ್ಯತ್ಯಾಸ ಎಷ್ಟು ದೊಡ್ಡದು ನೋಡಿ. ದೊಡ್ಡ ಹುಳುಕು, ಬೇರುನಾಳ ಚಿಕಿತ್ಸೆಯಾಗಿ ಟೊಳ್ಳಾದ ಹಲ್ಲು ಇದ್ದಾಗ ಕ್ಯಾಪ್ ಅಗತ್ಯ. ಆದರೆ ಕಲೆ ಮರೆಮಾಚಲೆಂದು ಆರೋಗ್ಯವಂತ ಹಲ್ಲುಗಳಿಗೆ "ವಿನೀರ್" ಎಂಬ ಹೆಸರಿನಲ್ಲಿ ಕ್ಯಾಪ್ ಹಾಕುವುದಾದರೆ, ಎದ್ದು ಬೇರೆ ದಂತವೈದ್ಯರ ಸಲಹೆ ಕೇಳಿ.

ಯಾರು ಕಾಯಬೇಕು?

ಒಸಡಿನಿಂದ ರಕ್ತ ಬರುವವರು ಮೊದಲು ಒಸಡಿನ ಚಿಕಿತ್ಸೆ ಮಾಡಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ಒಸಡಿನ ರೋಗ ಹೆಚ್ಚು. ಮೊದಲು ಸಕ್ಕರೆ ಹತೋಟಿಗೆ ಬರಲಿ. ಹದಿನೆಂಟು ತುಂಬದ ಮಕ್ಕಳಲ್ಲಿ ಹಲ್ಲಿನ ನರ ದೊಡ್ಡದಾಗಿರುತ್ತದೆ, ಒಸಡಿನ ಅಂಚು ಇನ್ನೂ ನೆಲೆ ನಿಂತಿರುವುದಿಲ್ಲ. ಅವರಿಗೆ ಕೆರೆದು ಹಾಕುವ ವಿನೀರ್ ಬೇಡ. ಗರ್ಭಿಣಿಯರು ಅಂದಕ್ಕಾಗಿ ಮಾಡಿಸುವ ಬ್ಲೀಚಿಂಗ್, ವಿನೀರುಗಳನ್ನು ಹೆರಿಗೆಯ ನಂತರಕ್ಕೆ ಮುಂದೂಡುವುದು ಒಳ್ಳೆಯದು. ಕೃತಕ ಹೃದಯ ಕವಾಟ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ಮುಚ್ಚಿಡದೆ ದಂತವೈದ್ಯರಿಗೆ ಹೇಳಬೇಕು. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.

ನಿದ್ರೆಯಲ್ಲಿ ಹಲ್ಲು ಕಡಿಯುವವರು ಅದನ್ನು ತಾವೇ ಅರಿಯರು. ಪಕ್ಕದಲ್ಲಿ ಮಲಗುವವರನ್ನು ಕೇಳಬೇಕು. ಬೆಳಿಗ್ಗೆ ಏಳುವಾಗ ದವಡೆ ನೋಯುತ್ತಿದ್ದರೆ ಅದೂ ಸೂಚನೆ. ಇವರಲ್ಲಿ ಯಾವ ಹೊದಿಕೆಯೂ ಬೇಗ ಒಡೆಯುತ್ತದೆ. ರಾತ್ರಿ ತೊಡುವ ರಕ್ಷಣಾ ತಟ್ಟೆಯನ್ನು ಮಾಡಿಸಿಕೊಳ್ಳದೆ ಇವರು ವಿನೀರ್ ಹಾಕಿಸಬಾರದು.

ದಂತವೈದ್ಯರನ್ನು ಕೇಳಿ

1. ನನ್ನ ಕಲೆಗೆ ಕಾರಣವೇನು? ಶುಚಿ ಮಾಡುವುದರಿಂದ ಅಥವಾ ಬ್ಲೀಚಿಂಗ್‌ನಿಂದ ಸಾಲದೆ?
2. ಎಷ್ಟು ಹಲ್ಲು ಕೆರೆಯುತ್ತೀರಿ? ಎನಾಮೆಲ್ ಒಳಗೇ ನಿಲ್ಲುತ್ತದೆಯೆ?
3. ಕೆರೆಯುವ ಮೊದಲು ತಾತ್ಕಾಲಿಕ ವಸ್ತುವಿನಿಂದ ನನ್ನ ಬಾಯಲ್ಲೇ ಮಾದರಿ ತೋರಿಸುತ್ತೀರಾ?
4. ಯಾವ ವಸ್ತು, ಯಾಕೆ? ಬಿಲ್ಲಿನಲ್ಲಿ ವಸ್ತುವಿನ ಹೆಸರು ಬರೆದುಕೊಡುತ್ತೀರಾ?
5. ಒಡೆದರೆ ದುರಸ್ತಿ ಸಾಧ್ಯವೆ, ಇಡಿಯಾಗಿ ಬದಲಿಸಬೇಕೆ?

ಬಣ್ಣ ಆರಿಸುವಾಗ ಕಿಟಕಿಯ ಬಳಿ ಹಗಲು ಬೆಳಕಿನಲ್ಲಿ ನೋಡಿ. ಟ್ಯೂಬ್‌ಲೈಟಿನಲ್ಲಿ ಸರಿಯೆನಿಸಿದ ಬಣ್ಣ ಬಿಸಿಲಿನಲ್ಲಿ ಬೇರೆಯಾಗಿ ಕಾಣಬಹುದು. ಕಾಗದದಂತೆ ಅಚ್ಚ ಬಿಳುಪು ಬೇಡ. ನಿಮ್ಮ ಮೈಬಣ್ಣಕ್ಕೆ, ವಯಸ್ಸಿಗೆ, ಪಕ್ಕದ ಹಲ್ಲುಗಳಿಗೆ ಹೊಂದುವ ಬಣ್ಣವೇ ಚೆನ್ನ. ಹಲ್ಲಿನ ಕೆಲಸವನ್ನು ನೋಂದಾಯಿತ ದಂತವೈದ್ಯರಿಂದ ಮಾತ್ರ ಮಾಡಿಸಿ. ಬ್ಯೂಟಿ ಪಾರ್ಲರ್‌ಗಳಲ್ಲಿ ಬೇಡ.

ಹಾಕಿಸಿದ ಮೇಲೆ

ಮೆತ್ತನೆಯ ಬ್ರಷ್‌ನಿಂದ ದಿನಕ್ಕೆ ಎರಡು ಸಲ ಹಲ್ಲುಜ್ಜಿ. ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ ಬೇಡ. ಕಬ್ಬು, ಕೋಡುಬಳೆ, ಹುರಿಗಡಲೆ ಉಂಡೆಗಳನ್ನು ಮುಂದಿನ ಹಲ್ಲಿನಿಂದ ಕಚ್ಚದೆ, ಮುರಿದು ದವಡೆ ಹಲ್ಲಿನಿಂದ ಅಗಿಯಿರಿ. ಹಲ್ಲಿನಿಂದ ಸೋಡಾ ಮುಚ್ಚಳ ತೆಗೆಯುವುದು, ದಾರ ಕಡಿಯುವುದು, ಉಗುರು ಕಚ್ಚುವುದು ಬಿಡಬೇಕು. ಫ್ಲೋರೈಡ್ ಜೆಲ್ ಹಚ್ಚಿಸಿಕೊಳ್ಳುವುದಿದ್ದರೆ ವಿನೀರ್ ಇದೆ ಎಂದು ತಿಳಿಸಿ. ಆಮ್ಲಯುಕ್ತ ಜೆಲ್ ಪಿಂಗಾಣಿಯ ಹೊಳಪು ಕೆಡಿಸುತ್ತದೆ. ಆರು ತಿಂಗಳಿಗೊಮ್ಮೆ ತಪಾಸಣೆ ಮಾಡಿಸಿ. ಹೊದಿಕೆಗೆ ಹುಳುಕು ಹಿಡಿಯದಿದ್ದರೂ ಅದರ ಅಂಚಿನಲ್ಲಿರುವ ನಿಮ್ಮ ಹಲ್ಲಿಗೆ ಹಿಡಿಯುತ್ತದೆ.

ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಇನ್ನೊಂದು ಮಾತು. ನೀವು ಫ್ಲೋರೈಡ್ ಪ್ರದೇಶದವರಾದರೆ ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿ. ನೀರು ಕುದಿಸುವುದರಿಂದ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ಸ್ವಚ್ಛವಾಗಿ ಸಂಗ್ರಹಿಸಿ ಶುದ್ಧಗೊಳಿಸಿದ ಮಳೆನೀರು ಅಥವಾ ಆರ್‌ಒ ಘಟಕದ ನೀರನ್ನು ಮಕ್ಕಳಿಗೆ ಕುಡಿಯಲು, ಅಡುಗೆಗೆ ಬಳಸಿ. ಮೊದಲ ಎಂಟು ವರ್ಷ ಈ ಎಚ್ಚರಿಕೆ ವಹಿಸಿದರೆ, ಆ ಮಗು ಇಪ್ಪತ್ತೆರಡರಲ್ಲಿ ಯಾವ ವಿನೀರ್ ಹಾಕಿಸಲಿ ಎಂದು ಫ್ಲೋರೈಡ್ ಕಲೆಗಾಗಿ ಕೇಳುವ ಪ್ರಸಂಗವೇ ಬಾರದು.